ಮೂರನೇ ಮಹಡಿಯ ಮಣ್ಣಿನ ಮಕ್ಕಳು

ಬೆಂಗಳೂರಿನಲ್ಲಿ ಮಣ್ಣು ನೋಡಬೇಕೆಂದರೆ ಕೆಳಗೆ ಬಗ್ಗಿ ಪ್ರಯೋಜನವಿಲ್ಲ, ಲಿಫ್ಟ್ ಹತ್ತಬೇಕು. ನೆಲದ ಮೇಲೆ ಡಾಂಬರಿದೆ, ಕಾಂಕ್ರೀಟಿದೆ, ಇಂಟರ್‌ಲಾಕ್ ಟೈಲ್ಸ್ ಇದೆ, ಮಳೆಗಾಲದಲ್ಲಿ ಗುಂಡಿಯೂ ಇದೆ. ಮಣ್ಣು ಮಾತ್ರ ಮೂರನೇ ಮಹಡಿಯ ಮೇಲೆ ಹಸಿರು ಪ್ಲಾಸ್ಟಿಕ್ ಚೀಲಗಳಲ್ಲಿ ಕೂತಿದೆ. ಚೀಲಕ್ಕೊಂದು ಗಿಡ, ಗಿಡಕ್ಕೊಂದು ಟೊಮೆಟೊ, ಟೊಮೆಟೊಗೊಂದು ಮೊಬೈಲು. ಬೆಳಗ್ಗೆ ಆರೂವರೆಗೆ ಆ ಟೊಮೆಟೊದ ಫೋಟೊ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಕೆಳಗೆ ‘ಟುಡೇಸ್ ಹಾರ್ವೆಸ್ಟ್’ ಎಂಬ ಒಕ್ಕಣೆ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಕೋಲಾರದ ಎಪಿಎಂಸಿಗೆ ಅಷ್ಟು ಹೊತ್ತಿಗೆ ಲಾರಿಗಟ್ಟಲೆ ಟೊಮೆಟೊ ಬಂದು ಇಳಿದಿರುತ್ತದೆ. ಅದಕ್ಕೆ ಇದುವರೆಗೆ ಯಾರೂ ಕೈಮುಗಿದದ್ದು ಕಂಡಿಲ್ಲ.

ಹಳೆಯ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರೂ ಹಿಂದೊಂದಿಷ್ಟು ಜಾಗ ಬಿಡುತ್ತಿದ್ದರು. ಅಲ್ಲೊಂದು ಕರಿಬೇವು, ಕಾಂಪೌಂಡಿಗೆ ಒರಗಿದ ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ ಮತ್ತು ಕೆಸು, ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ತಾನಾಗಿ ಹಬ್ಬಿದ ಒಂದೆಲಗ. ಮಗುವಿಗೆ ಕೆಮ್ಮು ಬಂದರೆ ದೊಡ್ಡಪತ್ರೆ ಬಾಡಿಸಿ ರಸ ಹಿಂಡುತ್ತಿದ್ದರು, ನೆಂಟರು ಬಂದರೆ ಅದನ್ನೇ ತಂಬುಳಿ ಮಾಡುತ್ತಿದ್ದರು. ಯಾರೂ ಅದನ್ನು ಗಾರ್ಡನ್ ಎನ್ನಲಿಲ್ಲ, ಅದಕ್ಕೆಂದು ಗೊಬ್ಬರ ಕೊಳ್ಳಲಿಲ್ಲ. ಪಕ್ಕದ ಮನೆಯವರು ಹೇಳದೆ ಕೇಳದೆ ಕರಿಬೇವು ಕಿತ್ತುಕೊಂಡು ಹೋಗುತ್ತಿದ್ದರು, ಆ ವಿಷಯಕ್ಕೆ ಎರಡು ದಿನ ಮಾತು ಬಿಡುವುದೂ ಇತ್ತು.

ಆಮೇಲೆ ಸೈಟಿನ ಬೆಲೆ ಏರಿತು. ಹಿತ್ತಲು ಒಂದು ಕೋಣೆಯಾಯಿತು, ಕೋಣೆ ಬಾಡಿಗೆಯಾಯಿತು. ಸುತ್ತ ಬಿಡಬೇಕಾದ ಖಾಲಿ ಜಾಗ ಮಂಜೂರಾದ ನಕ್ಷೆಯಲ್ಲಿ ಮಾತ್ರ ಉಳಿಯಿತು. ಅಲ್ಲಿ ಅದು ಇವತ್ತಿಗೂ ಅಚ್ಚುಕಟ್ಟಾಗಿದೆ. ನುಗ್ಗೆಮರದಿಂದ ಕಂಬಳಿಹುಳ ಕಾರಿನ ಮೇಲೆ ಉದುರುತ್ತದೆ ಎಂದು ಮರ ಕಡಿಸಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಊರು ಇನ್ನೊಂದಿರಲಿಕ್ಕಿಲ್ಲ: ಗಿಡವನ್ನೂ ತೆಗೆದೆವು, ಹಿತ್ತಲನ್ನೂ ತೆಗೆದೆವು. ಈಗ ಮದ್ದೆಲ್ಲ ತಾರಸಿಯ ಮೇಲಿದೆ. ಬಿಪಿಗೆ, ಶುಗರಿಗೆ, ನಿವೃತ್ತಿಯ ನಂತರ ಹೆಂಡತಿಯ ಕಣ್ಣೆದುರು ಇಡೀ ದಿನ ಇರಬೇಕಾದ ಸಂಕಟಕ್ಕೆ.

ನಮ್ಮ ಎದುರುಮನೆಯ ರಾಯರದು ಈ ಕಥೆಯ ಮಾದರಿ ಮನೆ. (ಬೀದಿಗೊಬ್ಬರಂತೆ ಇಂಥ ರಾಯರಿದ್ದಾರೆ. ಕೆಲವು ಬೀದಿಗಳಲ್ಲಿ ಅವರು ಗೌಡರು, ಕೆಲವು ಕಡೆ ಶೆಟ್ಟರು, ಐಟಿ ಕಂಪನಿಯ ಮೇನೇಜರು. ಯಾರೂ ಇದು ತಮ್ಮದೇ ಎಂದು ಮುನಿಸಿಕೊಳ್ಳಬೇಕಿಲ್ಲ, ಬೇರೆಯವರದು ಎಂದು ನಗುವುದೂ ಬೇಡ.) ಮನೆ ಕಟ್ಟುವಾಗ ಪಾಯ ತೋಡಿ ತೆಗೆದ ಕೆಂಪುಮಣ್ಣನ್ನು ಅವರು ಲಾರಿಗೆ ದುಡ್ಡು ಕೊಟ್ಟು ಹೊರಗೆ ಸಾಗಿಸಿದ್ದರು. ಈಗ ಅದೇ ಬಣ್ಣದ ಮಣ್ಣನ್ನು ಚೀಲಕ್ಕಿಷ್ಟೆಂದು ಕೊಟ್ಟು ಮೇಲಕ್ಕೆ ಹೊರಿಸುತ್ತಿದ್ದಾರೆ. ಹಿಂದೆಲ್ಲ ತಿಪಟೂರು, ಅರಸೀಕೆರೆ ಕಡೆ ನಾರಿನ ಕಾರ್ಖಾನೆಗಳ ಬೆನ್ನಿಗೆ ಗುಡ್ಡೆ ಬಿದ್ದಿರುತ್ತಿದ್ದ ತೆಂಗಿನ ನಾರಿನ ಪುಡಿ ಇಂದು ಇಟ್ಟಿಗೆಯಾಗಿ ಒತ್ತಿಸಿಕೊಂಡು, ಮೈಮೇಲೆ ಪ್ಲಾಸ್ಟಿಕ್ ಹೊದ್ದು, ಕೊಕೊಪೀಟ್ ಎಂಬ ಹೆಸರಿನಿಂದ ರಾಯರ ಮನೆಗೆ ಬರುತ್ತದೆ. 5 ಕೆಜಿಯ ಒಂದು ಇಟ್ಟಿಗೆ ನೀರು ಕುಡಿದರೆ 70 ಲೀಟರಿನಷ್ಟು ಉಬ್ಬುತ್ತದೆ. ಅದರಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ಚೆನ್ನಾಗಿ ತೊಳೆಯಬೇಕು. ತೊಳೆಯುವ ನೀರು ಕಾವೇರಿಯದು. ಆ ವಿಷಯ ಮುಂದೆ ಬರುತ್ತದೆ.

ಇದಲ್ಲದೆ ಎರೆಗೊಬ್ಬರ, ಬೇವಿನ ಹಿಂಡಿ, ಮೂಳೆಪುಡಿ, ಎಪ್ಸಮ್ ಉಪ್ಪು, ಕಡಲಪಾಚಿಯ ದ್ರಾವಣ, ಪರ್ಲೈಟ್ ಎಂಬ ಬಿಳಿಯ ಕಲ್ಲುಪುರಿ. ಮೂಳೆಪುಡಿಯ ಚೀಲ ಅಡುಗೆಮನೆಯ ಮುಂದಿನಿಂದ ಹೋಗಬಾರದೆಂದು ರಾಯರ ಮನೆಯವರು ಹೊರಗಿನ ಕಬ್ಬಿಣದ ಮೆಟ್ಟಿಲಿನಿಂದ ಸಾಗಿಸಿದರು. ಅಷ್ಟು ಮಡಿ ಉಳಿದಿದೆ. ಸಗಣಿ ಗೊಬ್ಬರ ಆನ್‌ಲೈನಿನಲ್ಲಿ ಬರುತ್ತದೆ. ಸಗಣಿಗೂ ಗಿರಾಕಿಗಳು ಸ್ಟಾರ್ ಕೊಟ್ಟಿರುತ್ತಾರೆ. ‘ಪ್ಯಾಕಿಂಗ್ ತುಂಬಾ ಚೆನ್ನಾಗಿದೆ ರೀ’ ಎಂದು ರಾಯರು ನನಗೂ ಡಬ್ಬಿ ತೋರಿಸಿದರು. ಚೆನ್ನಾಗಿಯೇ ಇತ್ತು. ನಮ್ಮ ಮದುವೆಯ ಮೈಸೂರುಪಾಕು ಅಷ್ಟು ಒಳ್ಳೆಯ ಡಬ್ಬಿಯಲ್ಲಿ ಬಂದಿರಲಿಲ್ಲ.

ಭಾರದ ಮಾತನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ತೋಟದ ಗುಂಪಿನಲ್ಲಿ ಯಾರೂ ಅದನ್ನು ಎತ್ತುವುದಿಲ್ಲ. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಹೊರೆ ಬೀಳಬಹುದು ಎಂದು ಲೆಕ್ಕಹಾಕಿ ಕಟ್ಟಬೇಕೆನ್ನುತ್ತದೆ ಐಎಸ್ 875 ಎಂಬ ಭಾರತೀಯ ಮಾನಕ. ನೀರು ಹೀರಿದ ಮಣ್ಣನ್ನು ಒಂದಡಿ ದಪ್ಪಕ್ಕೆ ಹರಡಿದರೆ ಅಷ್ಟೇ ಜಾಗದ ಮೇಲೆ 500 ಕೆಜಿ ದಾಟುತ್ತದೆ. ರಾಯರು ತೋಟ ಮಾಡುವ ಮುನ್ನ ತಜ್ಞರನ್ನು ಕೇಳಲಿಲ್ಲವೆಂದಲ್ಲ, ವಾಸ್ತುವಿನವರನ್ನು ಕೇಳಿದರು. ನೈರುತ್ಯ ಮೂಲೆಯಲ್ಲಿ ಭಾರ ಇದ್ದಷ್ಟೂ ಯಜಮಾನನಿಗೆ ಶ್ರೇಯಸ್ಸು ಎಂದರಂತೆ. ಡ್ರಮ್ಮಿನಲ್ಲಿ ನೆಟ್ಟ ಮಾವು, ಸೀಬೆ, ಅಂಜೂರ ಎಲ್ಲ ನೈರುತ್ಯಕ್ಕೆ ಹೋದವು. ಆ ಮೂಲೆಯ ಕೆಳಗೆ ಬಾಡಿಗೆಯವರ ಮಲಗುವ ಕೋಣೆ. ಚಾವಣಿಯಲ್ಲಿ ತೇವದ ಕಲೆಯೊಂದು ಕಾಣಿಸಿಕೊಂಡು ಮಳೆಯಿಂದ ಮಳೆಗೆ ಹರಡುತ್ತಿದೆ. ಬಾಡಿಗೆಯವರು ದೂರು ಹೇಳಿಕೊಂಡು ಬಂದಾಗ ರಾಯರು ಅವರ ಹೆಗಲ ಮೇಲೆ ಕೈಯಿಟ್ಟು, ‘ಮನೆ ಎಷ್ಟು ತಂಪಾಗಿದೆ ನೋಡಿದಿರಾ? ಇನ್ನು ಎಸಿ ಬೇಕಾಗಲ್ಲ’ ಎಂದರು.

ಇನ್ನು ಶೂನ್ಯ ಬಂಡವಾಳದ ವಿಷಯ. ಸುಭಾಷ್ ಪಾಳೇಕರ್ ಅವರ ಈ ಕೃಷಿ ಪದ್ಧತಿ ಕರ್ನಾಟಕದಲ್ಲಿ ಬೇರೂರಿದ್ದು ಸಾಲದಿಂದ ಸೋತ ರೈತರ ನಡುವೆ. ಅಂಗಡಿಯಿಂದ ಏನನ್ನೂ ತರಬೇಡಿ, ಮನೆಯ ನಾಟಿ ಹಸುವಿನ ಸಗಣಿ ಗಂಜಲದಲ್ಲೇ ಬೇಸಾಯ ಮಾಡಿ ಎಂಬುದು ಅದರ ತಿರುಳು. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದು ಒಂದೆಕರೆಗೆ ಸಾಕಾಗುವ ಜೀವಾಮೃತ. ಒಂದು ಹಸುವಿದ್ದರೆ 30 ಎಕರೆ ನಿಭಾಯಿಸಬಹುದು ಎನ್ನುತ್ತಾರೆ ಪಾಳೇಕರ್. 1,200 ಚದರಡಿಯ ಸೈಟಿಗೆ ಈ ಲೆಕ್ಕ ಇಳಿಸಿದರೆ ಐದೂವರೆ ಲೀಟರ್ ಜೀವಾಮೃತ ಸಾಕು, ಮತ್ತು ಒಂದೇ ಒಂದು ಹಸು ಸಾವಿರದೆಂಬತ್ತಕ್ಕೂ ಹೆಚ್ಚು ತಾರಸಿಗಳಿಗೆ ಸಾಕು. ಅಂದರೆ ನಮ್ಮ ಇಡೀ ಬಡಾವಣೆಗೆ ಒಂದು ಹಸು, ಅದೂ ಅರ್ಧ ದಿನ ರಜೆ ಹಾಕಬಹುದು.

ರಾಯರು ಮಾತ್ರ ಪೂರ್ತಿ 200 ಲೀಟರಿನ ನೀಲಿ ಡ್ರಮ್ಮನ್ನೇ ಇಟ್ಟರು. ಬೆಲ್ಲ ಸಾವಯವ ಅಂಗಡಿಯದು, ಕಡಲೆಹಿಟ್ಟು ಸೂಪರ್ ಮಾರ್ಕೆಟ್ಟಿನದು, ಗಂಜಲ ಬಾಟಲಿಯದು. ಬದುವಿನ ಮಣ್ಣಿಗೆ ಬದು ಎಲ್ಲಿಂದ ತರುವುದು? ಪಾರ್ಕಿನ ಮೂಲೆಯಿಂದ ಒಂದು ಹಿಡಿ ತರಲು ಹೋಗಿ ಅಲ್ಲಿ ಬೆಳಗಿನ ವಾಯುವಿಹಾರದವರ ನಾಯಿಗಳು ಏನೇನು ಬಿಟ್ಟುಹೋಗಿವೆ ಎಂಬುದನ್ನು ನೋಡಿ ಹಿಂದಿರುಗಿದರು. ಕೊನೆಗೆ ಅದೂ ಒಂದು ಪೊಟ್ಟಣದಲ್ಲಿ ಬಂತು. ಶೂನ್ಯ ಬಂಡವಾಳಕ್ಕೆ ಆದ ಖರ್ಚನ್ನು ರಾಯರು ಮನೆಯಲ್ಲಿ ಇನ್ನೂ ಹೇಳಿಲ್ಲ. ಡ್ರಮ್ಮಿನ ಪರಿಮಳ ಮಾತ್ರ ಯಾರಿಂದಲೂ ಮುಚ್ಚಿಡಲಾಗದೆ, ಪಕ್ಕದ ಮನೆಯ ವರಪರೀಕ್ಷೆಗೆ ಬಂದ ಬೀಗರವರೆಗೂ ತಲುಪಿತು.

ನೀರು. ಕಾವೇರಿ ಬೆಂಗಳೂರಿಗೆ ತಾನಾಗಿ ಬರುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಯ ಪಂಪುಗಳು ಹಂತಹಂತವಾಗಿ ನೂಕಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿಸಿ ತರುತ್ತವೆ. ಅಲ್ಲಿಂದ ಸಂಪಿಗೆ, ಸಂಪಿನಿಂದ ಮೂರನೇ ಮಹಡಿಯ ಟ್ಯಾಂಕಿಗೆ, ಟ್ಯಾಂಕಿನಿಂದ ರಾಯರ ಪುದೀನಕ್ಕೆ. ಮಂಡ್ಯದ ರೈತ ನಾಲೆಗೆ ನೀರು ಬಿಡಿ ಎಂದು ಹೆದ್ದಾರಿಯಲ್ಲಿ ಕೂತಾಗ ‘ಇವರಿಗೇನು ಮಾಡಲು ಬೇರೆ ಕೆಲಸ ಇಲ್ಲವೇ’ ಎನ್ನುವವರೂ ಈ ಪುದೀನದ ಒಡೆಯರೇ. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಆ ತಿಂಗಳು ನಮ್ಮ ಬೀದಿಯ ತಾರಸಿಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಮೊಬೈಲ್ ಬೆಳಕು ಓಡಾಡುತ್ತಿತ್ತು. ರೈತರು ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಹೊಲಕ್ಕೆ ಎದ್ದು ಹೋಗುತ್ತಾರೆ ಎಂದು ಓದಿದ್ದೇವೆ; ಆ ಅನುಭವ ಬೆಂಗಳೂರಿನವರಿಗೂ ಅಷ್ಟರಮಟ್ಟಿಗೆ ದಕ್ಕಿತು. ಮಳೆನೀರು ಕೊಯ್ಲು ಈ ಊರಿನಲ್ಲಿ 2009ರಿಂದ ಕಡ್ಡಾಯ. ರಾಯರ ಮನೆಯಲ್ಲೂ ಅದರ ಪೈಪಿದೆ. ಪೈಪಿನ ಬಾಯಿಗೆ ಗ್ರೋ ಬ್ಯಾಗಿನಿಂದ ಕೊಚ್ಚಿಬಂದ ಕೊಕೊಪೀಟ್ ಕಟ್ಟಿಕೊಂಡಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ಈ ಊರಿನಲ್ಲಿ ಶ್ರದ್ಧೆಯಿಂದ ತಾರಸಿ ತೋಟ ಮಾಡುವವರು ಇದ್ದಾರೆ. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳಕ್ಕೆ ಹೋದರೆ ಅವರು ಸಿಗುತ್ತಾರೆ. ಅಡುಗೆಮನೆಯ ಹಸಿಕಸವನ್ನೆಲ್ಲ ಮಡಕೆಯಲ್ಲಿ ಕೊಳೆಸಿ, ಪಾತ್ರೆ ತೊಳೆದ ನೀರು ಬಳಸಿ, ಬೀಜ ಎತ್ತಿಟ್ಟು ಹಂಚಿಕೊಂಡು ಮನೆಗೆ ಬೇಕಾದ ಸೊಪ್ಪಿನ ಬಹುಪಾಲನ್ನು ಬೆಳೆದುಕೊಳ್ಳುವವರು. ಅವರು ಫೋಟೊ ಹಾಕುವುದು ಕಡಿಮೆ, ಕೈ ಮಣ್ಣಾಗಿರುತ್ತದೆ. ನಮ್ಮ ಮಾತು ಅವರ ಬಗ್ಗೆ ಅಲ್ಲ. ರಾಯರು ಮಡಕೆ ತರಿಸಿದರು, ಹುಳ ಕಂಡ ದಿನವೇ ಹಸಿಕಸ ಮತ್ತೆ ಪಾಲಿಕೆಯ ಆಟೊಗೆ ಹೋಯಿತು, ಕಾಂಪೋಸ್ಟ್ ಮತ್ತೆ ಅಂಗಡಿಯಿಂದ ಬಂತು. ಬೆಂಗಳೂರಿನ ಕಸ ಮಂಡೂರಿಗೆ ಹೋಯಿತು, ಮಾವಳ್ಳಿಪುರಕ್ಕೆ ಹೋಯಿತು, ಅಲ್ಲಿನ ಜನ ದಾರಿಗೆ ಅಡ್ಡ ಮಲಗಿದರು. ರಾಯರ ತೊಂಡೆಕಾಯಿಯ ತೊಟ್ಟು ರಾಯರ ತೊಂಡೆ ಬಳ್ಳಿಯ ಬುಡಕ್ಕೆ ಮಾತ್ರ ಇದುವರೆಗೆ ಹೋಗಿಲ್ಲ.

ಕೀಟಗಳ ವಿಷಯದಲ್ಲಿ ಸಾವಯವ ತೋಟಗಾರನಷ್ಟು ಕ್ರೂರಿ ಇನ್ನೊಬ್ಬನಿಲ್ಲ. ಸಸ್ಯಾಹಾರಿ, ಏಕಾದಶಿ ಉಪವಾಸಿ, ಮನೆಗೆ ನುಗ್ಗಿದ ಜಿರಳೆಯನ್ನೂ ಪೊರಕೆಯಲ್ಲಿ ಮೆಲ್ಲಗೆ ಹೊರಗೆ ಕಳಿಸುವ ರಾಯರು ಹಿಟ್ಟು ತಿಗಣೆ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತುಬಿಡುತ್ತಾರೆ. ಬೇವಿನೆಣ್ಣೆ, ಸೋಪಿನ ನೀರು, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ರುಬ್ಬಿದ ಕಷಾಯ. ನಮ್ಮ ಮನೆಯವರೆಗೆ ಸೀನು. ಎಲೆ ಹಳದಿಯಾದರೆ ಫೋಟೊ ಗುಂಪಿಗೆ ಹೋಗುತ್ತದೆ. ನೀರು ಹೆಚ್ಚಾಗಿದೆ ಎನ್ನುತ್ತಾರೆ ಒಬ್ಬರು. ಕಡಿಮೆಯಾಗಿದೆ ಎನ್ನುತ್ತಾರೆ ಇನ್ನೊಬ್ಬರು. ಮೆಗ್ನೀಶಿಯಂ ಕೊರತೆ ಎಂಬುದು ಅಮೆರಿಕದಲ್ಲಿರುವ ಅಳಿಯನ ಅಭಿಪ್ರಾಯ. ಯಾರದೋ ಕಣ್ಣು ಬಿದ್ದಿದೆ ಎಂದು ರಾಯರ ಅತ್ತಿಗೆ ಬರೆಯುತ್ತಾರೆ, ಹಾಗೆ ಬರೆದು ನನ್ನ ಮನೆಯ ಕಡೆ ನೋಡುತ್ತಾರೆ. ಎಲೆಯ ಒಳಗೇ ಸುರಂಗ ಕೊರೆದು ಬಿಳಿ ಗೆರೆ ಎಳೆಯುವ ರಂಗೋಲಿ ಹುಳ ಇಷ್ಟರಲ್ಲಿ ಎಲೆಯನ್ನು ಮುಗಿಸಿ ಪಕ್ಕದ ಗಿಡಕ್ಕೆ ಹೋಗಿರುತ್ತದೆ.

ಇದೇ ಊರಿನ ಅಂಚಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಎಲೆಮುದುಡು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರಕ್ಕೂ ಜಗ್ಗದ ‘ಅರ್ಕ ರಕ್ಷಕ್’ ಎಂಬ ಟೊಮೆಟೊ ಅಲ್ಲಿ ರೂಪುಗೊಂಡಿದ್ದು. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ರಾಯರು ತರಿಸಿದ್ದು ವಿದೇಶದ ಕಪ್ಪು ಟೊಮೆಟೊ ಬೀಜ, ಹತ್ತು ಬೀಜಕ್ಕೆ ಒಂದು ಹೊತ್ತಿನ ಹೋಟೆಲ್ ಊಟದ ಬೆಲೆ. ಮೊಳೆತದ್ದು ಮೂರು. ಹಣ್ಣಾಗುವ ಹೊತ್ತಿಗೆ ಕೋತಿ ಬಂತು, ಒಂದನ್ನು ಕಚ್ಚಿ ನೋಡಿ, ಮುಖ ಸಿಂಡರಿಸಿ, ರಾಯರ ಸೋಲಾರ್ ಹೀಟರಿನ ಮೇಲೆ ಎಸೆದುಹೋಯಿತು. ಈ ತೋಟದ ಬಗ್ಗೆ ಬಂದ ಏಕೈಕ ನಿಷ್ಪಕ್ಷಪಾತ ವಿಮರ್ಶೆ ಅದು.

ಹಣ್ಣಿನ ಆಸೆ ಇನ್ನೂ ದೊಡ್ಡದು. ಜಪಾನಿನ ಮಿಯಾಝಾಕಿ ಮಾವು ಕೆಜಿಗೆ ಲಕ್ಷ ಲಕ್ಷ ಎಂದು ಸುದ್ದಿ ಬಂದ ವರ್ಷ ರಾಯರ ನೈರುತ್ಯ ಮೂಲೆಗೂ ಒಂದು ಕಸಿಗಿಡ ಬಂತು. ಅದು ಮಿಯಾಝಾಕಿಯೇ ಎಂಬುದಕ್ಕೆ ಮಾರಿದವನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ, ಹಣ್ಣು ಬಿಟ್ಟ ಮೇಲೆ ತಿಳಿಯುತ್ತದೆ, ಹಣ್ಣು ಬಿಡುವ ಲಕ್ಷಣವಿಲ್ಲ. ಗಿಡಕ್ಕೆ ಸಿಸಿ ಕ್ಯಾಮೆರಾ ಹಾಕಿಸಿದ್ದಾರೆ. ಬೆಂಗಳೂರಿನಿಂದ ಅಷ್ಟೇನೂ ದೂರವಿಲ್ಲದ ಶ್ರೀನಿವಾಸಪುರದಲ್ಲಿ 2025ರ ಜೂನಿನಲ್ಲಿ ಮಾವು ಬೆಳೆಗಾರರು ಬೀದಿಗೆ ಇಳಿದಿದ್ದರು. ತೋತಾಪುರಿಯ ಬೆಲೆ ಕುಸಿದಿತ್ತು, ಗಡಿಯಾಚೆಯ ಚಿತ್ತೂರು ಜಿಲ್ಲೆ ಹೊರಗಿನ ತೋತಾಪುರಿ ಬರಕೂಡದೆಂದು ಬಾಗಿಲು ಹಾಕಿತ್ತು. ಆ ವಾರ ನಮ್ಮ ಗುಂಪಿನಲ್ಲಿ ನಡೆದ ಮಾವಿನ ಚರ್ಚೆಯ ವಿಷಯ: ಕ್ಯಾಮೆರಾಕ್ಕೆ ರಾತ್ರಿ ಬಣ್ಣ ಕಾಣುತ್ತದೆಯೇ?

ಮಣ್ಣಿನ ಚೀಲ ಹೊರುವವರ ಮಾತು ಬರಬೇಕಲ್ಲ. ನಮ್ಮ ಬೀದಿಯ ಕೊನೆಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಗಿರಿ ಕಡೆಯವರು. ಊರಲ್ಲಿ ನಾಲ್ಕೆಕರೆ ಮಳೆಯಾಶ್ರಿತ ಜಮೀನು, ತೊಗರಿ, ಹತ್ತಿ. ಎರಡು ಬರ ಒಟ್ಟಿಗೆ ಬಂದಾಗ ಹೊಲ ಅಣ್ಣನಿಗೆ ಬಿಟ್ಟು ಇಲ್ಲಿಗೆ ಬಂದು ನೀಲಿ ಅಂಗಿ ಹಾಕಿಕೊಂಡರು. ಭಾನುವಾರ ರಾಯರ ಚೀಲಗಳನ್ನು ಮೇಲೆ ಹೊರುತ್ತಾರೆ. ಅಂಥದೊಂದು ಭಾನುವಾರ ನಾನೂ ಮೇಲಿದ್ದೆ. ಅವರು ಕೊನೆಯ ಚೀಲ ಇಳಿಸಿ, ಟವೆಲಿನಿಂದ ಕತ್ತು ಒರೆಸಿಕೊಂಡು, ರಾಯರ ಬದನೆ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಎಲೆ ಮಗುಚಿ ನೋಡಿದರು. ಎಲೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಸವರಿ, ಆ ಬೆರಳನ್ನು ಬಿಸಿಲಿಗೆ ಹಿಡಿದರು.

‘ಸರ, ಬದನಿ ಸಸಿ ಇಷ್ಟು ಒತ್ತಿಗಿ ಹಚ್ಚಬಾರದ್ರಿ. ನಡುವ ಗಾಳಿ ಆಡಬೇಕ್ರಿ. ಇಲ್ಲಂದ್ರ ಹೇನು ಬೀಳತಾವ.’

‘ಇದು ಇಂಟೆನ್ಸಿವ್ ಮೆಥಡ್ ಕಣಪ್ಪಾ’ ಎಂದರು ರಾಯರು, ‘ನಿಮ್ಮ ಹಳ್ಳಿ ಕಡೆ ಮಾಡೋ ಥರ ಅಲ್ಲ. ಯೂಟ್ಯೂಬಲ್ಲಿ ನೋಡು, ಇಸ್ರೇಲಲ್ಲಿ ಹೀಗೇ ಬೆಳೆಯೋದು.’

‘ಆತ್ರಿ ಸರ.’

ಹೇನು ಬಿದ್ದವು. ರಾಯರು ಗಂಟೆ ಲೆಕ್ಕದಲ್ಲಿ ಶುಲ್ಕ ಪಡೆಯುವ ಸಲಹೆಗಾರನನ್ನು ಕರೆಸಿದರು. ಟೋಪಿ ಹಾಕಿಕೊಂಡ ಹುಡುಗ ಬಂದು, ಬದನೆಯ ಎಲೆಯನ್ನು ಮುಟ್ಟದೆ ಫೋಟೊ ತೆಗೆದು, ‘ಸ್ಪೇಸಿಂಗ್ ಇಲ್ಲ ಸಾರ್, ಏರ್ ಫ್ಲೋ ಪ್ರಾಬ್ಲಂ’ ಎಂದ. ಅವತ್ತು ಸಂಜೆ ರಾಯರು ಗುಂಪಿನಲ್ಲಿ ಗಾಳಿಯಾಟದ ಮಹತ್ವ ಕುರಿತು ಉದ್ದದ ಬರಹ ಹಾಕಿದರು. ಕೈಮುಗಿದವರಿಗೆ ಲೆಕ್ಕವಿಲ್ಲ. ಯಾದಗಿರಿಯವರು ಆ ಗುಂಪಿನಲ್ಲಿ ಇಲ್ಲ.

ತೋಟ ಕೈಕೊಟ್ಟರೆ ಸಂಕಟ ರಾಯರದು, ಕೈಹಿಡಿದರೆ ನೆರೆಹೊರೆಯದು. ಸೋರೆ ಬಳ್ಳಿಗೆ ಯಾವ ಗುಂಪಿನ ಸಲಹೆಯೂ ಬೇಡ, ಅದು ತನ್ನ ಪಾಡಿಗೆ ಕಾಯಿ ಬಿಡುತ್ತದೆ. ಬಿಡಲು ಶುರುವಾದರೆ ನಿಲ್ಲಿಸುವುದು ಗೊತ್ತಿಲ್ಲ. ಮೊದಲ ಕಾಯಿ ದೇವರಿಗೆ, ಎರಡನೆಯದು ಫೋಟೊಗೆ, ಮೂರನೆಯದರಿಂದ ನಮಗೆ. ಪಲ್ಯ, ಹುಳಿ, ದೋಸೆ, ಹಲ್ವ ಎಲ್ಲ ಆಯಿತು. ರಾಯರು ಕೊಡುವಾಗ ಕಾಯಿಯ ಜೊತೆ ಹತ್ತು ನಿಮಿಷದ ಉಪನ್ಯಾಸವೂ ಬರುತ್ತದೆ: ಅಂಗಡಿಯ ಸೋರೆಕಾಯಿಗೆ ಸೂಜಿಮದ್ದು ಚುಚ್ಚುತ್ತಾರೆ, ಸೊಪ್ಪನ್ನು ಮೋರಿ ನೀರಿನಲ್ಲಿ ಬೆಳೆಯುತ್ತಾರೆ, ನಾವೆಲ್ಲ ವಿಷ ತಿನ್ನುತ್ತಿದ್ದೇವೆ, ರೈತರಿಗೆ ದುಡ್ಡೇ ದೇವರಾಗಿದೆ.

ಮೋರಿ ನೀರಿನ ಮಾತು ಸುಳ್ಳಲ್ಲ. ವೃಷಭಾವತಿ ಬೈರಮಂಗಲ ಕೆರೆಗೆ ಹೊತ್ತೊಯ್ಯುವುದರಲ್ಲಿ ಏನೇನಿದೆ ಎಂದು ಪರೀಕ್ಷೆ ಮಾಡಿದವರು ಹೇಳಿದ್ದಾರೆ, ಭಾರಲೋಹಗಳೂ ಇವೆ. ಆದರೆ ಮೋರಿ ಯಾರದು? ವೃಷಭಾವತಿ ಹುಟ್ಟುವುದೂ ಬೆಂಗಳೂರಿನಲ್ಲಿ, ಕೆಡುವುದೂ ಬೆಂಗಳೂರಿನಲ್ಲಿ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಪೈಪುಗಳಲ್ಲಿ ನಮ್ಮ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಮೂರನೇ ಹಂತವನ್ನೂ ಮಾಡಿ ಕಳಿಸಿ ಎಂದು ಅಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಬತ್ತಿದ್ದ ಕೆರೆ ತುಂಬಿತು, ಕೊಳವೆಬಾವಿಗೆ ಜೀವ ಬಂತು, ಟೊಮೆಟೊ ಬೆಳೆಯಿತು. ನಾವು ಸ್ನಾನ ಮಾಡಿ, ಬಟ್ಟೆ ಒಗೆದು, ಶೌಚಕ್ಕೆ ಸುರಿದು ಕಳಿಸಿದ್ದನ್ನು ಅವರು ತರಕಾರಿ ಮಾಡಿ ವಾಪಸು ಕಳಿಸುತ್ತಾರೆ. ಅದನ್ನು ಕಂಡು ಮೂಗು ಮುಚ್ಚಿಕೊಂಡು ನಾವು ತಾರಸಿ ಹತ್ತುತ್ತೇವೆ, ಕಾವೇರಿಯ ಶುದ್ಧ ನೀರಿನಲ್ಲಿ ಪುದೀನ ಬೆಳೆಯಲು.

ವಾರಕ್ಕೆರಡು ದಿನ ನಮ್ಮ ಬೀದಿಗೆ ಸೊಪ್ಪಿನಮ್ಮ ಬರುತ್ತಾರೆ. ಹೊಸಕೋಟೆ ಕಡೆಯಿಂದ ನಸುಕಿನ ಟೆಂಪೊ, ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಗೋಣಿ. ದಂಟು, ಸಬ್ಬಸಿಗೆ, ಮೆಂತ್ಯ, ಕೊತ್ತಂಬರಿ. ರಾಯರ ಸ್ವಂತ ಕೊತ್ತಂಬರಿ ಮೊಳಕೆಯೊಡೆದು ಎರಡೆಲೆ ಬಿಟ್ಟು ಹಾಗೇ ನಿಂತಿತ್ತು (ದನಿಯಾವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕು, ಅವರು ಇಡಿಯಾಗಿಯೇ ಉದುರಿಸಿದ್ದರು, ಅದೂ ಏಪ್ರಿಲ್ ಬಿಸಿಲಲ್ಲಿ). ಹೀಗಾಗಿ ಗೇಟಿಗೆ ಬಂದರು.

‘ಕಟ್ಟು ಎಷ್ಟಮ್ಮ?’

‘ಇಪ್ಪತ್ತು ಸಾಮಿ.’

‘ಇಪ್ಪತ್ತಾ! ಹತ್ತು ರೂಪಾಯಿಗೆ ಕೊಡು. ನಮ್ಮನೇಲೂ ಬೆಳೀತೀವಮ್ಮ, ಕೊತ್ತಂಬರಿ ಬೆಳೆಯೋದು ಎಷ್ಟು ಸುಲಭ ಅಂತ ನಂಗೊತ್ತು.’

ಸೊಪ್ಪಿನಮ್ಮ ಬುಟ್ಟಿ ಇಳಿಸಿ, ತಲೆಯ ಸಿಂಬೆ ಸರಿಮಾಡಿಕೊಂಡು, ಮೂರನೇ ಮಹಡಿಯ ಕಡೆ ಒಮ್ಮೆ ನೋಡಿದರು.

‘ಅಂಗಾದ್ರೆ ನೀವು ಬೆಳ್ದಿರಾದ್ನ ನಾಕು ಕಟ್ಟು ಕೊಡಿ ಸಾಮಿ. ಇದ್ರ ಜತೇಲೆ ನಾನೇ ಮಾರ್ಕೊಡ್ತೀನಿ. ಎಷ್ಟಕ್ಕೆ ಮಾರಾನ ಯೋಳಿ?’

ರಾಯರು ಹದಿನೈದು ಕೊಟ್ಟು ಒಳಗೆ ಹೋದರು. ಇನ್ನೈದು ರೂಪಾಯಿಯನ್ನು ಆಕೆ ಕೇಳಲಿಲ್ಲ.

ಆಕೆ ಕೇಳಿದ ಪ್ರಶ್ನೆಯನ್ನು ಅಲ್ಲಿಗೇ ಬಿಡಬಾರದೆಂದು ನಾನು ರಾಯರ ಟೊಮೆಟೊಗೆ ಬೆಲೆ ಕಟ್ಟಲು ಕೂತೆ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2006ರಲ್ಲಿ ಕೊಟ್ಟ ಕೊನೆಯ ವರದಿಯಲ್ಲಿ, ಬೆಳೆಯ ಖರ್ಚಿನ ಮೇಲೆ ಕನಿಷ್ಠ ಶೇ 50 ಸೇರಿಸಿ ಬೆಂಬಲ ಬೆಲೆ ನಿಗದಿ ಮಾಡಿ ಎಂದಿದೆ. ಖರ್ಚು ಎಂದರೆ ಬೀಜ ಗೊಬ್ಬರವಷ್ಟೇ ಅಲ್ಲ, ಮನೆಯವರ ದುಡಿಮೆಗೆ ಕೂಲಿ, ಸ್ವಂತ ಜಮೀನಿಗೆ ಬಾಡಿಗೆ, ಹೂಡಿದ ಬಂಡವಾಳಕ್ಕೆ ಬಡ್ಡಿ ಎಲ್ಲ ಸೇರಿದ ಸಿ2 ಎಂಬ ಲೆಕ್ಕ ಹಿಡಿಯಬೇಕೆಂದು ರೈತ ಸಂಘಟನೆಗಳು ಅಂದಿನಿಂದ ಕೇಳುತ್ತಿವೆ. ಸರಿ, ಅದೇ ಸೂತ್ರ. ರಾಯರ ಬೀಜ, ಚೀಲ, ಡ್ರಮ್ಮು, ಬೆಲ್ಲ, ಬಾಟಲಿ ಗಂಜಲ. ಟೋಪಿ ಹುಡುಗನ ಶುಲ್ಕ. ನಿವೃತ್ತ ಹಿರಿಯ ಅಧಿಕಾರಿಯೊಬ್ಬರು ಬ್ರಷ್ಷು ಹಿಡಿದು ಕೂತ ಗಂಟೆಗಳಿಗೆ ಕೂಲಿ. ತಾರಸಿಗೆ ಶೀಟು ಹೊದಿಸಿ ಪಿಜಿ ಮಾಡಿದ್ದರೆ ಬರುತ್ತಿದ್ದ ಬಾಡಿಗೆ, ಅದು ಬೆಂಗಳೂರಿನ ದರದಲ್ಲಿ. ಇದಕ್ಕೆಲ್ಲ ಬಡ್ಡಿ, ಮೇಲೆ ಶೇ 50. ಕೋತಿಯ ಪಾಲು ಕಳೆದು ಭಾಗಿಸಿದರೆ ಟೊಮೆಟೊ ಕೆಜಿಗೆ ನಾಲ್ಕಂಕಿಯ ಬೆಲೆ ಬಂತು. ಕೆಳಗಿನವರ ಚಾವಣಿಯ ರಿಪೇರಿ ಇದರಲ್ಲಿ ಸೇರಿಲ್ಲ.

ರಾಯರಿಗೆ ತೋರಿಸಿದೆ. ಎರಡು ಸಲ ಕೂಡಿ ನೋಡಿದರು, ಬ್ಯಾಂಕಿನಲ್ಲಿದ್ದವರಲ್ಲವೇ. ‘ಸರಿಯಾಗೇ ಇದೆ’ ಎಂದರು. ‘ಜಾಸ್ತಿ ಏನಿಲ್ಲ. ನಾನು ಪಟ್ಟ ಕಷ್ಟಕ್ಕೆ ಇದು ನ್ಯಾಯವಾದ ಬೆಲೆ.’

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಇದೇ ರಾಯರು ಪತ್ರಿಕೆಗೆ ಓಲೆ ಬರೆದಿದ್ದರು: ಮಧ್ಯಮ ವರ್ಗದವರು ಬದುಕುವುದು ಹೇಗೆ, ಸರ್ಕಾರ ಏನು ಮಾಡುತ್ತಿದೆ? ಸೆಪ್ಟೆಂಬರಿನಲ್ಲಿ ಅದೇ ಬಾಕ್ಸಿನ ಬೆಲೆ ನೆಲಕಚ್ಚಿ, ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆಗಾರರು ಹೊಲದಲ್ಲೇ ಬಿಟ್ಟಾಗ ಅವರು ಓಲೆ ಬರೆದ ನೆನಪಿಲ್ಲ. ಅದಕ್ಕೇ ಕೇಳಿದೆ, ‘ಹಾಗಾದರೆ ಕೋಲಾರದವರ ಟೊಮೆಟೊಗೂ ಇದೇ ಸೂತ್ರದಲ್ಲಿ ಲೆಕ್ಕ ಹಾಕೋಣವೇ ರಾಯರೇ?’

‘ಅವರದು ಬಿಡಿ’ ಎಂದರು ರಾಯರು, ಕಾಗದ ಮಡಚಿ ಜೇಬಿಗಿಟ್ಟುಕೊಳ್ಳುತ್ತ. ‘ಅವರಿಗೆ ಅಭ್ಯಾಸ ಇದೆ.’

ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳ ಪಟ್ಟಿಯಲ್ಲಿ ಟೊಮೆಟೊ ಇಲ್ಲ. ಬದನೆಯೂ ಇಲ್ಲ, ಕೊತ್ತಂಬರಿ ಸೊಪ್ಪೂ ಇಲ್ಲ.